ಪರದೆಯೊಳಗಿನ ಹೊಟ್ಟೆ

ಜಹೀರಾಬಾದಿನಿಂದ ತಾಂಡೂರಿನವರೆಗೆ ನನ್ನಷ್ಟು ಪಿತ್ತಕೋಶ ತೆಗೆದ ಸರ್ಜನ್ ಹುಟ್ಟಿಲ್ಲ; ಇನ್ನು ಸಾವಿರ ವರ್ಷ ಹುಟ್ಟುವುದೂ ಇಲ್ಲ. ಒಂದು ಹನಿ ರಕ್ತ ನೆಲಕ್ಕೆ ಬಿದ್ದಿಲ್ಲ. ಬೀಳುವುದಾದರೂ ಹೇಗೆ? ತೆಗೆದದ್ದೆಲ್ಲ ಸಿಮ್ಯುಲೇಟರಿನಲ್ಲಿ.

ನಮ್ಮ ಟ್ರಸ್ಟ್ ಆಸ್ಪತ್ರೆಗೆ ಅದು ದಾನವಾಗಿ ಬಂದಿತ್ತು. ಎರಡು ಹಿಡಿಕೆ, ಎದುರಿಗೆ ಪರದೆ, ಪರದೆಯೊಳಗೆ ಒಂದು ಹೊಟ್ಟೆ. ಹೊಟ್ಟೆ ಸೀಳದೆ, ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಾಕೆ ಇಳಿಸಿ ಆಪರೇಷನ್ ಮಾಡುವುದನ್ನು ಕಲಿಸುವ ಯಂತ್ರ. ಪಾಠವೂ ಆನ್‌ಲೈನ್, ಪರೀಕ್ಷೆಯೂ ಆನ್‌ಲೈನ್. ನನ್ನ ಅಂಕ ನೋಡಿ ನಾರಾಯಣಖೇಡದ ಡಾಕ್ಟರೊಬ್ಬರು ಊಟ ಬಿಟ್ಟರಂತೆ. ತಾಂಡೂರಿನ ಧನರಾಜ ಡಾಕ್ಟರು ಫೋನ್ ಮಾಡಿ, "ಏನ್ ಕೈ ರೀ ನಿಮ್ಮವು, ಜಾದೂ ಮಾಡ್ತೀರೇನು?" ಎಂದರು. ನಾನು ಅಲ್ಲವೆನ್ನಲಿಲ್ಲ.

ಕೊರತೆ ಒಂದೇ. ನಿಜವಾದ ಹೊಟ್ಟೆಗೆ ಇಳಿಸುವ ಕ್ಯಾಮೆರಾ ನಮ್ಮಲ್ಲಿರಲಿಲ್ಲ.

ಟ್ರಸ್ಟಿನ ಅಧ್ಯಕ್ಷ ವೀರಪ್ಪನವರನ್ನು ಕೇಳಿದರೆ, "ತರಸ್ತೀನ್ರಿ, ಗಡಿಬಿಡಿ ಯಾಕ? ಯಂತ್ರ ಮುಂದಿನ ಹಾಲ್‌ನಾಗ ಇಟ್ರ ಬಂದವರೆಲ್ಲಾ ನೋಡ್ತಾರ. ಕ್ಯಾಮೆರಾ ಹೊಟ್ಟ್ಯಾಗ ಹೋಗೋದು, ಯಾರ್ ನೋಡ್ತಾರ?" ಎನ್ನುತ್ತಿದ್ದರು.

ಹಾಗೆ ಹಾಲ್‌ನಲ್ಲಿ ಯಂತ್ರವನ್ನು ಕಂಡವಳು ಶಿವಕಾಂತಾ. ನಾರಾಯಣಖೇಡದ ಬೇಳೆ ಮಿಲ್ಲಿನಲ್ಲಿ ಚೀಲ ಹೊರುವವಳು. ಪಿತ್ತಕೋಶದ ತುಂಬ ಕಲ್ಲು. ಅವಳೆದುರು ಪರದೆಯ ಹೊಟ್ಟೆಯಿಂದ ಕೋಶ ಬಿಡಿಸಿ, ಗಾರುಡಿಗನ ಹಾಗೆ ಎತ್ತಿ ತೋರಿಸಿದೆ.

"ನನಗೂ ಹಿಂಗೇ ಮಾಡ್ತೀರೇನ್ರಿ?"

"ಇದಕ್ಕಿಂತ ಚಂದ."

"ನೋಡ್ರಿ ಸಾಹೇಬ, ಹೊಟ್ಟಿ ಕೊಯ್ದ್ರ ಚೀಲ ಎತ್ತಾಕ ಆಗಂಗಿಲ್ಲ. ನಮ್ಮ ಮಿಲ್ಲಿನ ಲಚ್ಚಮ್ಮಗ ಕೊಯ್ದಾರ, ಮನ್ಯಾಗ ಕುಂತಾಳ. ಮೇಸ್ತ್ರಿ ನನ್ನ ಜಾಗಾ ಕಾಯಂಗಿಲ್ಲ."

"ನಾಕ್ ತೂತು, ಅಷ್ಟೇ. ಆಮ್ಯಾಲ ಚೀಲ ಅಲ್ಲ, ಲಾರಿನೇ ಎತ್ತುವಂತಿ!"

ಅವಳು ನಕ್ಕಳು. ಸೋಮವಾರ ಕ್ಯಾಮೆರಾ ಬರುತ್ತದೆಂದು ವೀರಪ್ಪನವರು ಆಣೆ ಮಾಡಿದ್ದರು. ಸೋಮವಾರ ಬಂತು, ಕ್ಯಾಮೆರಾ ಬರಲಿಲ್ಲ. ಬಂದದ್ದು ಶಿವಕಾಂತಾ, ಕೆಂಡದಂಥ ಜ್ವರದಲ್ಲಿ. ಕೋಶ ಕೀವು ತುಂಬಿ ಒಡೆಯುವಂತಿತ್ತು. ಹೈದರಾಬಾದಿನ ದಾರಿ ತಾಳುವ ಸ್ಥಿತಿ ಅವಳದಲ್ಲ.

ಕೊಯ್ದೆ. ಗೇಣುದ್ದ. ಬದುಕಿದಳು.

ಎದ್ದು ಓಡಾಡುವ ಹೊತ್ತಿಗೆ ಮೇಸ್ತ್ರಿ ಅವಳ ಜಾಗಕ್ಕೆ ಬೇರೆಯವಳನ್ನು ತಂದಿದ್ದ. ಹೊಟ್ಟೆ ಹಿಡಿದುಕೊಂಡು ಅವಳು ಹಾಲ್‌ಗೆ ಬಂದಾಗ ವೀರಪ್ಪನವರು ಅತಿಥಿಗಳಿಗೆ ಯಂತ್ರ ತೋರಿಸುತ್ತಿದ್ದರು. ಹಿಡಿಕೆಗಳು ನನ್ನ ಕೈಯಲ್ಲಿದ್ದವು. ಶಿವಕಾಂತಾ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಸಾಹೇಬ, ಈ ಹೆಣ್ಮಗಳು ಯಾರ ಮನಿಯಾಕಿರಿ?"

"ಯಾವಾಕಿ?"

"ಇಕಿ, ಪರದಾದಾಗ ಮಲಗ್ಯಾಳಲ್ಲ. ದಿನಾ ಇಕಿಗೇ ತೂತು ಹೊಡೀತೀರಿ. ಇಕಿ ಯಾವ ಮಿಲ್ಲಿಗಿ ಹೋಗಬೇಕಾಗ್ಯಾದ?"

ಅತಿಥಿಗಳು ನಕ್ಕರು. ವೀರಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಪರದೆಯಲ್ಲಿ ಒಂದು ರಕ್ತನಾಳ ನನ್ನ ಚಿಮಟಿಗೆಯಲ್ಲಿತ್ತು. ಕೈಬಿಟ್ಟರೆ ಪರದೆಯ ಆಕೆಗೆ ರಕ್ತ ಹರಿಯುತ್ತದೆಂದು, ನಾನು ತಿರುಗದೆ ಹಿಡಿದೇ ನಿಂತೆ.