ಎಂಟು ಚುಕ್ಕಿಯ ಬೀಗ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಬೈಲಹೊಂಗಲ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಆದರೆ ಎರಡು ಸಾವಿರದ ಮೂರನೇ ಇಸವಿಯಲ್ಲಿ ನನ್ನ ಮಗಳು ಹಿನಾಕೌಸರ ರಸ್ತೆಯ ಆಚೆ ನಿಂತು, ಕೈಯೊಳಗಿನ ರಿಮೋಟಿನ ಗುಂಡಿ ಒತ್ತಿ, ನನ್ನ ಟ್ರ್ಯಾಕ್ಸ್ ಗಾಡಿಯ ಬಾಗಿಲು ತೆಗೆದಾಗ ಬಯ್ಯಲು ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಕೀಲಿ ತಿರುವಿ, ಹೆಗಲು ಕೊಟ್ಟು ನೂಕಿದರೂ ಮುನಿಸಿಕೊಳ್ಳುತ್ತಿದ್ದ ಬಾಗಿಲು ಅದು. ಯಾರೂ ಮುಟ್ಟದೆ ಟಕ್ ಎಂದಿತು. ಇನ್ನೊಮ್ಮೆ ಮಾಡಿ ತೋರಿಸು ಎಂದು ನಾನು ಕೇಳುತ್ತಲೇ ಇದ್ದೆ. ಅವಳಿಗೇ ಬೇಸರ ಬಂತು.

ಹಿನಾ ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲವು ಕಾಲ ದುಡಿದು, ಅದನ್ನು ಬಿಟ್ಟು ನಮ್ಮ ಮಾಳಿಗೆಯ ಖೋಲಿಯಲ್ಲಿ ಈ ರಿಮೋಟ್ ಬೀಗದ ಕೆಲಸ ಹಿಡಿದಿದ್ದಳು. ಪೇಟೆಯ ರಿಮೋಟುಗಳು ಸಾಬೂನಿನಷ್ಟು ದಪ್ಪ. ನಮ್ಮವರ ಕಿಸೆಯಲ್ಲಿ ಎಲೆ, ಅಡಿಕೆ, ತಂಬಾಕು ತುಂಬಿದ ಮೇಲೆ ಅದಕ್ಕೆ ಜಾಗವೆಲ್ಲಿ? ಉಡದಾರಕ್ಕೆ ಕಟ್ಟಿಕೊಳ್ಳುವಷ್ಟು ಸಣ್ಣದಾಗಬೇಕೆಂದು ಅವಳ ಹಟ. ಬ್ಯಾಟರಿಯನ್ನೂ ಗುಂಡಿಯನ್ನೂ ಒತ್ತೊತ್ತಿ ಕೂರಿಸಿ, ಮೂರು ಸಲ ಮಾಡಿ ಮೂರು ಸಲ ಕೆಡಿಸಿ, ಕೊನೆಗೆ ಉತ್ತತ್ತಿಯಷ್ಟಕ್ಕೆ ಇಳಿಸಿದಳು. ಬೆಸುಗೆ ಹಾಕಲು ನಮ್ಮ ಓಣಿಯ ರಾಯವ್ವನನ್ನು ಕರೆದಳು. ರಾಯವ್ವ ಕೌದಿ ಹೊಲಿಯುವವಳು. ಅವಳ ಹೊಲಿಗೆಯ ಸಾಲು ನೋಡಿದರೆ ಇರುವೆಗಳಿಗೂ ನಾಚಿಕೆಯಾಗಬೇಕು.

ರಿಮೋಟಿನ ಒಳಗಿನ ಹಲಗೆಯಲ್ಲಿ ಸಾಲಾಗಿ ಎಂಟು ಚುಕ್ಕಿ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಪ್ರತಿ ಚುಕ್ಕಿಯನ್ನೂ ಮೇಲಿನ ಗೆರೆಗೆ ಬೆಸೆಯಬಹುದು, ಕೆಳಗಿನದಕ್ಕೆ ಬೆಸೆಯಬಹುದು, ಇಲ್ಲವೇ ಹಾಗೆಯೇ ಬಿಡಬಹುದು. ಗಾಡಿಯೊಳಗೆ ಕೂರಿಸುವ ಡಬ್ಬಿಯಲ್ಲೂ ಅದೇ ನಮೂನೆ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೀಲಿಗೆ ಹಲ್ಲಿದ್ದಂತೆ ಇದಕ್ಕೆ ಚುಕ್ಕಿ. ಒಂದರಂತೆ ಒಂದು ಬೇಡ, ಮನಸ್ಸಿಗೆ ಬಂದಂತೆ ಹಾಕು ಎಂದು ಹಿನಾ ರಾಯವ್ವನಿಗೆ ಹೇಳಿದ್ದಳು. ನಾನು ಸ್ಟ್ಯಾಂಡಿನಲ್ಲಿ ಎದೆ ತಟ್ಟಿಕೊಂಡು, ಸವದತ್ತಿ, ರಾಮದುರ್ಗದವರೆಗೂ ಡ್ರೈವರುಗಳನ್ನು ಒಪ್ಪಿಸಿ ಅವರ ಗಾಡಿಗಳಿಗೂ ಹಾಕಿಸಿದೆ.

ಆಮೇಲೆ ಕಿತ್ತೂರಿನಲ್ಲೊಂದು ಮದುವೆ ಬಂತು, ಮಂದಿ ತುಂಬಿಕೊಂಡು ನಮ್ಮ ಸುತ್ತಲಿನ ಗಾಡಿಗಳೂ ಬಂದಿದ್ದವು. ಅಲ್ಲಿ ಬಾಡಿಗೆ ಗಾಡಿಗಳನ್ನಿಟ್ಟಿದ್ದ ಮಲಕಾಜಪ್ಪ ಎಂಬ ಸಾಹುಕಾರನಿಗೆ ನನ್ನ ಮಗಳ ಕರಾಮತ್ತು ತೋರಿಸೋಣವೆಂದು ನಾಲ್ಕು ಜನರ ಎದುರಿಗೆ ಗುಂಡಿ ಒತ್ತಿದೆ. ನನ್ನ ಟ್ರ್ಯಾಕ್ಸ್ ಕಣ್ಣು ಮಿಟುಕಿಸಿ ತೆರೆಯಿತು. ಅದರ ಜೊತೆಗೇ ಬೇವಿನ ಕೆಳಗಿದ್ದ ಜಟ್ಟೆಪ್ಪನ ಸುಮೋ ತೆರೆಯಿತು. ಅದರಾಚೆ ನೇಸರಗಿಯ ಜೀಪು. ಗೋಡೆಯ ಹತ್ತಿರ ಇನ್ನೊಂದು. ಊಟಕ್ಕೆ ಹೊರಟವರು ನಿಂತರು. ಒಬ್ಬ ಮುದುಕಿ ನನಗೇ ಕೈ ಮುಗಿದಳು. ಒಂದು ಗಳಿಗೆ ನಾನೂ ಮೈಮರೆತು ನಿಂತಿದ್ದೆ. ಮರುಗಳಿಗೆ ಹೊಳೆಯಿತು: ನನ್ನ ಗುಂಡಿಗೆ ಮಂದಿಯ ಗಾಡಿ ತೆರೆದರೆ ಇದು ಬೀಗವೇ ಅಲ್ಲ.

ಜಟ್ಟೆಪ್ಪ ಡ್ರೈವರುಗಳ ಸಂಘದ ಹಿರಿಯ. ದನಿ ಏರಿಸುವವನಲ್ಲ, ಅದಕ್ಕೇ ಅವನೆಂದರೆ ಎಲ್ಲರಿಗೂ ಅಂಜಿಕೆ.

"ನಿಮ್ಮ ಮಾತಿನ ಮ್ಯಾಲೆ ಹಾಕಿಸೇವಿ, ರಹಿಮಾನಸಾಬ್ರ. ಬರೂ ಐತವಾರದೊಳಗ ಸರಿ ಮಾಡಸ್ರಿ, ಅವತ್ತ ಎಲ್ಲಾ ಗಾಡಿ ಒಂದ ಕಡೆ ನಿಲ್ಲಸತೇವಿ. ಒಂದ ಗುಂಡಿಗೆ ಎರಡ ಗಾಡಿ ತೆರದ್ರ, ಎಲ್ಲಾ ಕಿತ್ತ ಕೊಡತೇವಿ."

ಹಾಗಾದರೆ ಮಾಳಿಗೆಯ ಖೋಲಿಗೆ ನಾನೇ ಬೀಗ ಜಡಿಯಬೇಕು, ಹಿನಾ ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು.

ರಿಮೋಟುಗಳನ್ನೂ ಡಬ್ಬಿಗಳನ್ನೂ ಕಿತ್ತು ತಂದದ್ದಾಯಿತು. ಹಿನಾ ಎಲ್ಲವನ್ನೂ ಬಿಚ್ಚಿ ಚಾದರದ ಮೇಲೆ ಹರವಿದಳು. ದಾರಿಯುದ್ದಕ್ಕೂ ಬೈಗುಳ ಕೂಡಿಟ್ಟುಕೊಂಡು ಬಂದಿದ್ದ ನಾನು ಬೈಯುವುದು ಬಿಟ್ಟು ಹಲಗೆಗಳ ಮೇಲೆ ಬಗ್ಗಿದೆ. ಎಷ್ಟು ಚೆಂದ! ಒಂದರಲ್ಲಿ ತುದಿಯ ಎರಡು ಮೇಲಕ್ಕೆ, ಅವುಗಳ ಒಳಗಿನ ಎರಡು ಕೆಳಕ್ಕೆ; ಇನ್ನೊಂದರಲ್ಲಿ ಬೇರೆ ಥರ. ಯಾವುದನ್ನು ನೋಡಿದರೂ ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ. ಒಂದು ಚುಕ್ಕಿಯೂ ಬರಿದಾಗಿರಲಿಲ್ಲ. ಎಲ್ಲವೂ ಕೌದಿಯ ಅಂಚು.

ಯಾಕೆ ಹೀಗೆ ಎಂದು ಹಿನಾ ಕೇಳಿದ್ದಕ್ಕೆ ರಾಯವ್ವನಿಗೇ ಆಶ್ಚರ್ಯ. "ಈ ಕಡೆ ಹಾಕಿ ಆ ಕಡೆ ಬಿಟ್ರ ಹೆಂಗ ಬೇ ಯವ್ವಾ? ಜೋಡಿ ಕೂಡಬೇಕಲ್ಲ. ಚುಕ್ಕಿ ಬರಿದ ಬಿಡಬಾರದು."

ಜೋಡಿ ಕೂಡಿಸಿ, ಬರಿದು ಬಿಡದೆ ಹಾಕಿದರೆ ಹದಿನಾರೇ ನಮೂನೆ ಆಗುತ್ತವಂತೆ. ಗಾಡಿಗಳೋ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಲ್ಲದೆ ಸೊಟ್ಟಪಟ್ಟ ಹಾಕುತ್ತ ಹೋದರೆ? ಹಿನಾ ಲೆಕ್ಕ ಬಿಡಿಸಿದಳು. ಒಂದು ಚುಕ್ಕಿಗೆ ಮೂರು ದಾರಿ, ಎರಡಕ್ಕೆ ಒಂಬತ್ತು, ಮೂರಕ್ಕೆ ಇಪ್ಪತ್ತೇಳು. ಎಂಟನೆಯದಕ್ಕೆ ಬರುವಷ್ಟರಲ್ಲಿ ಆರು ಸಾವಿರ ದಾಟಿತ್ತು. ನಾನು ಹಲಗೆಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಉಗುರಿನಷ್ಟು ಜಾಗ. ಅದರಲ್ಲಿ ಆರು ಸಾವಿರ ಬೀಗ! ದೇವರು ಜಗತ್ತನ್ನು ಮಾಡುವಾಗಲೂ ಇಂಥದೇ ಲೆಕ್ಕ ಹಿಡಿದಿದ್ದನೇನೋ ಅನ್ನಿಸಿ ಮೈ ಜುಮ್ಮೆಂದಿತು.

ಆದರೆ ಸೊಟ್ಟ ಹಾಕುವುದು ರಾಯವ್ವನಿಗೆ ಬರಲೊಲ್ಲದು. ಎಡಕ್ಕೊಂದು ಬೆಸೆದರೆ ಕೈ ತಾನಾಗಿಯೇ ಬಲಕ್ಕೆ ಹೋಗುತ್ತದೆ. ನಾನು ಮಾಡಲು ಹೋಗಿ ಬೆರಳು ಸುಟ್ಟುಕೊಂಡೆ. ಕೊನೆಗೆ ರಾಯವ್ವ ಮನೆಗೆ ಹೋಗಿ ಚೌಕಾಬಾರದ ಕವಡಿ ತಂದಳು, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದಳು.

"ನನ್ನ ಕೈ ನನ್ನ ಮಾತ ಕೇಳೂದಿಲ್ಲ. ಕವಡಿ ಹೇಳಲಿ."

ಕವಡಿ ಮೇಲ್ಮುಖವಾಗಿ ಬಿದ್ದರೆ ಮೇಲಿನ ಗೆರೆ, ಮಗುಚಿ ಬಿದ್ದರೆ ಕೆಳಗಿನದು, ಚೌಕ ದಾಟಿ ಉರುಳಿದರೆ ಚುಕ್ಕಿ ಬರಿದು. ಹಿನಾ ಖುಷಿಯಿಂದ ಕುಣಿದಾಡಿದಳು. ರಾಯವ್ವ ಕವಡಿ ಚೆಲ್ಲಿದಳು, ರಿಮೋಟಿಗೂ ಅದರ ಡಬ್ಬಿಗೂ ಒಂದೇ ನಮೂನೆಯನ್ನು ಮುಖ ಕಿವುಚಿಕೊಂಡೇ ಬೆಸೆದಳು. ಚುಕ್ಕಿ ಬರಿದು ಉಳಿದಾಗಲೆಲ್ಲ ತಪ್ಪಾಯಿತು ಎಂಬಂತೆ ಗಲ್ಲ ಮುಟ್ಟಿಕೊಂಡಳು.

ಐತವಾರ ಎಲ್ಲರೂ ಡಬ್ಬಿಗಳನ್ನು ಮತ್ತೆ ಕೂರಿಸಿಕೊಂಡು ನವಿಲುತೀರ್ಥದ ಹತ್ತಿರದ ಬಯಲಿನಲ್ಲಿ ಗಾಡಿ ನಿಲ್ಲಿಸಿದರು. ಜಟ್ಟೆಪ್ಪ ರಿಮೋಟುಗಳನ್ನೆಲ್ಲ ತನ್ನ ಟವೆಲಿನಲ್ಲಿ ಹಾಕಿ ಕಲಸಿದ. ಯಾವುದು ಯಾರದೆಂದು ಯಾರಿಗೂ ಗೊತ್ತಾಗಬಾರದು. ಮಾಡಿದವರೇ ಒತ್ತಲಿ ಎಂದು ರಾಯವ್ವನ ಮುಂದೆ ಹಿಡಿದ. ಅವಳು ಒಂದನ್ನು ತೆಗೆದು, ಕಣ್ಣು ಮುಚ್ಚಿ ಒತ್ತಿದಳು.

ಬಯಲಿನ ಕೊನೆಗಿದ್ದ ರಾಮದುರ್ಗದ ಬಿಳಿ ಜೀಪು ಕಣ್ಣು ಮಿಟುಕಿಸಿತು. ಮಿಕ್ಕ ಯಾವ ಗಾಡಿಯೂ ಮಿಸುಕಲಿಲ್ಲ.

ರಾಯವ್ವ ಕಣ್ಣು ತೆರೆದು, ತೆರೆದ ಜೀಪನ್ನು ಬಿಟ್ಟು ಸುಮ್ಮನೆ ನಿಂತ ಗಾಡಿಗಳನ್ನೇ ನೋಡಿದಳು. "ಅವಕ್ಕೂ ಕೇಳಸಿರಬೇಕಲ್ಲ?"

"ಎಲ್ಲಾವಕ್ಕೂ ಕೇಳಸ್ತದ, ಅಕ್ಕಾ," ಎಂದಳು ಹಿನಾ. "ತನ್ನ ಕರದಿಲ್ಲಂತ ತಿಳದು ಸುಮ್ಮನಿರತಾವು."

ಗಾಳಿಯಲ್ಲಿ ಕಾಣದ ಏನೋ ಒಂದು ಎಲ್ಲ ಗಾಡಿಗಳ ಬಾಗಿಲಿಗೂ ಹೋಗಿ, ತನ್ನದನ್ನೇ ಗುರುತು ಹಿಡಿದಿತ್ತು. ನನಗೆ ಅಳು ಬಂತು, ಹೇಳಲು ನಾಚಿಕೆಯಿಲ್ಲ. ಎಲ್ಲವನ್ನೂ ಕಿತ್ತು ಕೊಡಲು ಬಂದಿದ್ದ ಜಟ್ಟೆಪ್ಪ ಟವೆಲನ್ನು ರಾಯವ್ವನ ಕೈಗೇ ಕೊಟ್ಟ.

"ಒತ್ತ ಬೇ ಯಕ್ಕಾ. ಎಲ್ಲಾ ನೀನ ಒತ್ತ."

ಅವಳು ಒಂದೊಂದಾಗಿ ಒತ್ತಿದಳು. ಸುಮೋ, ಟ್ರ್ಯಾಕ್ಸ್, ಜೀಪು: ಒಂದು ಗುಂಡಿಗೆ ಒಂದೇ, ಬಯಲಿನ ಈ ತುದಿಯಿಂದ ಆ ತುದಿಯವರೆಗೆ, ರಾಯವ್ವ ಒಂದು ದಿನವೂ ಹತ್ತದ ಗಾಡಿಗಳು ಅವಳಿಗೆ ಓಗೊಟ್ಟು ಬಾಗಿಲು ತೆಗೆದವು.