ಸೊನ್ನೆಗೆ ಬಿದ್ದ ಮುಳ್ಳು

ಚಂದ್ರನಿಗೆ ಬಡಿದು ಮರಳಿದ ಆ ಕ್ಷೀಣ ಸಂಕೇತವು ಥೋರಾಳ ರೇಡಿಯೊ ಕರೆಗುರುತಿನ ಅರ್ಧವನ್ನಷ್ಟೇ ನುಡಿದು, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ನಿಂತಿತು. ‘ಯಾರು ನೀನು? ಮತ್ತೊಮ್ಮೆ ಹೇಳು’ ಎಂದು ಅದರ ಅರ್ಥ.

ಥೋರಾಳ ಬೆರಳು ಮೋರ್ಸ್ ಕೀಲಿಯನ್ನು ಒತ್ತಿತು. ಅದೇ ಕ್ಷಣದಲ್ಲಿ ಆಂಪ್ಲಿಫೈಯರಿನ ಹಸಿರು ದೀಪ ಆರಿತು. ವೋಲ್ಟೇಜ್ ತೋರಿಸುವ ಮುಳ್ಳು ಮೂರು ಸಾವಿರದಿಂದ ಧೊಪ್ಪನೆ ಸೊನ್ನೆಗೆ ಬಿತ್ತು.

“ಲೈಲ್! ಎಲ್ಲಿ ಸತ್ತ್ಯೋ? ಬಾ ಬೇಗ!”

ತಮ್ಮ ಲೈಲ್ ಅಡುಗೆಮನೆಯಿಂದ ಬಾಯಲ್ಲಿ ಡೋನಟ್ ಕಚ್ಚಿಕೊಂಡೇ ಓಡಿಬಂದ.

ಎರಡು ಬೇಸಿಗೆ ಬೆವರು ಸುರಿಸಿ ಥೋರಾ ಬೀಟ್‌ರೂಟ್ ಹೊಲದ ಅಂಚಿನಲ್ಲಿ ಆ ಆಂಟೆನಾ ಕಟ್ಟಿದ್ದಳು. ಚಂದ್ರನ ಮೂಲಕ ಒಬ್ಬರೊಡನೆಯಾದರೂ ಮಾತಾಡಬೇಕೆಂಬ ಹಟ ಇದುವರೆಗೆ ಕೈಗೂಡಿರಲಿಲ್ಲ. ಇಂದು ದೂರದ ಸಾಗರದ ಚಾಥಮ್ ದ್ವೀಪದಲ್ಲಿ ಡೇರೆ ಹಾಕಿದ್ದ ರೇಡಿಯೊ ಹವ್ಯಾಸಿಗಳ ತಂಡಕ್ಕೆ ಅವಳ ದನಿ ಅರ್ಧ ಕೇಳಿಸಿತ್ತು. ಅವರು ಇಂದೇ ಗಂಟುಮೂಟೆ ಕಟ್ಟಿ ಹಡಗು ಹತ್ತುವವರು. ಆಂಪ್ಲಿಫೈಯರ್ ಇಲ್ಲದೆ ಅವಳ ಪುಟ್ಟ ರೇಡಿಯೊದ ಸದ್ದು ಚಂದ್ರನವರೆಗೆ ಹೋಗಿ ಬರುವ ಮಾತೇ ಇಲ್ಲ. ಕಿಟಕಿಯಾಚೆ, ಬೆಳಗಿನ ಬಿಳಿಚಂದ್ರ ಪಕ್ಕದ ಹೊಲದ ಧಾನ್ಯದ ಸೈಲೊ ಕಡೆಗೆ ಜಾರುತ್ತಿದ್ದ. ಆ ತಗಡಿನ ಗೋಪುರದ ಹಿಂದೆ ಅವನು ಮರೆಯಾದರೆ ಆಟ ಮುಗಿಯಿತು.

ಸ್ಪೀಕರಿನಲ್ಲಿ ಮತ್ತೆ ಅದೇ ಅರ್ಧ ಹೆಸರು, ಅದೇ ಪ್ರಶ್ನೆ.

“ಕೇಳ್ತಾ ಇದಾರೆ ಕಣೋ, ನನ್ನನ್ನೇ ಕೇಳ್ತಾ ಇದಾರೆ!”

“ವಾಲ್ವ್ ಹೋಗಿದೆ ಅಕ್ಕಾ, ಇನ್ನೇನಿರತ್ತೆ,” ಎಂದು ಲೈಲ್ ತೀರ್ಪಿತ್ತ. ಕಪಾಟಿನಿಂದ ಬಲ್ಬಿನಂಥ ಹೊಸ ವಾಲ್ವ್ ಎತ್ತಿಕೊಂಡ. ಥೋರಾ ಆಂಪ್ಲಿಫೈಯರಿನ ಪ್ಲಗ್ ಕಿತ್ತಳು. ಇಬ್ಬರೂ ಸೇರಿ ಮುಚ್ಚಳದ ತಿರುಪುಗಳನ್ನು ಬಿಚ್ಚಿದರು. ಬೇರೆ ದಿನವಾಗಿದ್ದರೆ, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಬರಿದಾಗಿ ಮುಳ್ಳು ಇಳಿಯುವವರೆಗೆ ಇಬ್ಬರೂ ಕಾಯುತ್ತಿದ್ದರು. ಇಂದು ಮುಳ್ಳು ಮೊದಲೇ ಇಳಿದು ಕುಳಿತಿತ್ತಲ್ಲ!

ಲೈಲ್ ಒಳಗೆ ಕೈಹಾಕಹೊರಟ.

“ತೆಗಿ ಕೈ! ಕೋಲು ಎಲ್ಲಿ?”

“ಸೊನ್ನೆ ಇದೆಯಲ್ಲೇ, ನೋಡು. ಚಂದ್ರ ಹೋಗ್ತಾ ಇದಾನೆ, ನಿನಗೆ ಹೇಡಿಕೋಲಿನ ಚಿಂತೆ!”

ತುದಿಯಲ್ಲಿ ಕೊಕ್ಕೆಯೂ ಬುಡದಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿಯೂ ಇದ್ದ ಆ ಕೋಲನ್ನು ರೇಡಿಯೊ ಕ್ಲಬ್ಬಿನವರೆಲ್ಲ ಕರೆಯುತ್ತಿದ್ದುದೇ ಹಾಗೆ. “ಹೇಡಿ ಅಂತಲೇ ಅನ್ನು, ಸರಿ ಅತ್ಲಾಗೆ,” ಎಂದು ಥೋರಾ ತಮ್ಮನನ್ನು ಭುಜದಿಂದ ನೂಕಿ, ಕೋಲೆತ್ತಿ ಕೊಕ್ಕೆಯನ್ನು ಕೆಪಾಸಿಟರಿಗೆ ತಾಗಿಸಿದಳು.

ಢಂ!

ನೀಲಿ ಮಿಂಚೊಂದು ಕೋಣೆಯನ್ನು ಬೆಳಗಿ ಆರಿತು. ಲೈಲ್‌ನ ಡೋನಟ್ ನೆಲಕ್ಕೆ ಬಿತ್ತು. ಅವನು ತನ್ನ ಬಲಗೈಯನ್ನೇ ನೋಡುತ್ತ ನಿಂತುಬಿಟ್ಟ.

“ಅಕ್ಕಾ... ನಾನು ಈಗ...”

“ಹೂಂ, ಕಬಾಬ್ ಆಗ್ತಿದ್ದೆ. ಅದಕ್ಕೆ ಆಮೇಲೆ ಅಳು!” ಥೋರಾಳ ಮುಖ ಅರಳಿತ್ತು. “ಅರ್ಥ ಆಯ್ತೇನೋ? ವೋಲ್ಟೇಜ್ ಇದೆ! ಪೂರ್ತಿ ಇದೆ! ಕರೆಂಟ್ ಹೋದಾಗ ಮುಳ್ಳು ಮೆಲ್ಲಗೆ ಇಳಿಯತ್ತೆ. ಇವತ್ತು ಧೊಪ್ ಅಂತ ಬಿತ್ತು. ಸುಳ್ಳು ಹೇಳಿದ್ದು ಮುಳ್ಳು ಕಣೋ!”

ಆ ಮುಳ್ಳಿಗೂ ಕಾವಲು ಸರ್ಕಿಟ್ಟಿಗೂ ವೋಲ್ಟೇಜಿನ ಸುದ್ದಿ ತಲುಪುತ್ತಿದ್ದುದು ಸಾಲಾಗಿ ಬೆಸೆದ ರೆಸಿಸ್ಟರುಗಳ ಮೂಲಕ. ಅವುಗಳಲ್ಲೊಂದು ಕಡಿದರೆ ಸಾಕು, ಮುಳ್ಳು ಸಾಯುತ್ತದೆ. ವೋಲ್ಟೇಜೇ ಇಲ್ಲವೆಂದು ನಂಬಿದ ಕಾವಲು ಸರ್ಕಿಟ್ಟು ಇಡೀ ಯಂತ್ರಕ್ಕೆ ಬೀಗ ಜಡಿಯುತ್ತದೆ.

ಲೈಲ್ ಹೊಸ ವಾಲ್ವನ್ನು ಬದಿಗಿಟ್ಟು ಮಲ್ಟಿಮೀಟರ್ ಹಿಡಿದ. “ಇದು ಸರಿ... ಇದೂ ಸರಿ... ಇದೂ... ಅಕ್ಕಾ! ಇದು ಮಾತೇ ಆಡ್ತಿಲ್ಲ!”

ಆ ರೆಸಿಸ್ಟರು ನೋಡಲು ಉಳಿದವುಗಳಂತೆಯೇ ನುಣ್ಣಗಿತ್ತು. ಉಗುರು ತಾಗಿಸಿದಾಗ ಮಾತ್ರ ಹೊಟ್ಟೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು.

“ಇಷ್ಟು ಓಮ್‌ನದ್ದು ಒಂದೂ ಇಲ್ವಲ್ಲೇ!”

“ಅರ್ಧರ್ಧದ್ದು ಎರಡಿದೆ. ಬಾಲಕ್ಕೆ ಬಾಲ ಕಟ್ಟು!”

ಸೋಲ್ಡರಿಂಗ್ ಐರನ್ ಹೊಗೆಯಾಡಿತು. ತಿರುಪು ಬಿಗಿದು ಪ್ಲಗ್ ಸಿಕ್ಕಿಸಿದೊಡನೆ ಮುಳ್ಳು ತಲೆಯೆತ್ತಿ ನೇರ ಮೂರು ಸಾವಿರಕ್ಕೇರಿತು. ಲೈಲ್ ಕುಣಿದುಬಿಟ್ಟ. ಆದರೆ ವಾಲ್ವ್ ಬಿಸಿಯಾಗಲು ಮೂರು ನಿಮಿಷ ಬೇಕು, ಅದನ್ನು ಅವಸರಿಸುವಂತಿಲ್ಲ.

ಚಂದ್ರನ ಅಂಚು ಸೈಲೊದ ತಗಡಿಗೆ ತಾಗಿತು. ಸ್ಪೀಕರ್ ಮೌನವಾಗಿತ್ತು.

“ಹೊರಟುಬಿಟ್ರಾ?” ಲೈಲ್ ಪಿಸುಗುಟ್ಟಿದ.

“ಬಾಯ್ ಮುಚ್ಚು.”

ಹಸಿರು ದೀಪ ಹತ್ತಿತು. ಥೋರಾ ತನ್ನ ಕರೆಗುರುತನ್ನು ಅಕ್ಷರ ಅಕ್ಷರವಾಗಿ ಕುಟ್ಟಿ ಕೈಯೆತ್ತಿದಳು. ಉಸಿರೊಂದು ಒಳಗೆಳೆದು ಬಿಡುವಷ್ಟರಲ್ಲಿ, ಚಂದ್ರನಿಂದ ಮರಳಿದ ಅವಳದೇ ಸಂಕೇತದ ಬಾಲ ಗಾಳಿಯ ಸದ್ದಿನ ನಡುವೆ ಸಣ್ಣಗೆ ಕೇಳಿಸಿತು. ಲೈಲ್ ಅವಳ ಭುಜ ಹಿಡಿದುಕೊಂಡ.

ಆಮೇಲೆ ಏನೂ ಇಲ್ಲ. ಬರೀ ಸುಯ್ಯೆನ್ನುವ ಸದ್ದು. ಚಂದ್ರ ಅರ್ಧಕ್ಕೆ ಸವೆದಿದ್ದ.

ಅವಳು ಮತ್ತೆ ಕುಟ್ಟಿದಳು. ಸದ್ದಿನ ತಳದಿಂದ ಇನ್ನೊಂದು ಕೈಯ ಲಯ ಎದ್ದುಬಂತು. ಮೊದಲ ಅಕ್ಷರ. ಎರಡನೆಯದು. ಪ್ರಶ್ನೆ ನಿಂತಿದ್ದ ಜಾಗವನ್ನು ದಾಟಿ ಮೂರನೆಯದು, ನಾಲ್ಕನೆಯದು. ಅವಳ ಹೆಸರು ಪೂರ್ತಿಯಾಗಿ! ಹಿಂದೆಯೇ ಸದ್ದಿನ ಗುಣಮಟ್ಟದ ಗುರುತು. ಥೋರಾ ಅದನ್ನು ಪಡೆದೆನೆಂದು ಉತ್ತರಿಸಿದಳು. ಅತ್ತಲಿಂದಲೂ ‘ಪಡೆದೆ’ ಎಂದು ಬಂತು. ಮಸುಕಾಗುತ್ತ, ತಗಡಿನ ಹಿಂದೆ ಅಳಿದುಹೋಯಿತು.

“ಅಕ್ಕಾ, ಏನಂದ್ರು? ನನಗೆ ಕೊನೇದು ಕೇಳಿಸ್ಲಿಲ್ಲ!”

ಥೋರಾ ಕೀಲಿಯನ್ನು ಬಿಟ್ಟು, ಎರಡೂ ಕೈಗಳಿಂದ ತಮ್ಮನ ಕೆನ್ನೆಗಳನ್ನು ಹಿಡಿದಳು.

“ಗೊತ್ತಾಯ್ತಂತೆ ಕಣೋ, ನಾನು ಯಾರು ಅಂತ!”