ಪಾಸಾಗಬೇಕಾದ ಮನೆ

ಕೆಳಗಿನ ಕೋಣೆಯ ಕಿಟಕಿ ಮತ್ತೆ ತೆರೆದಿರುವುದನ್ನು ಕಂಡು ಯಜಮಾನರು ತಲೆ ಚಚ್ಚಿಕೊಂಡರು. ಮಣ್ಣಿನಿಂದ ಮೇಲೇರಿ ಬರುವ, ವಾಸನೆಯೇ ಇಲ್ಲದ ರೇಡಾನ್ ಎಂಬ ಅಪಾಯಕರ ಅನಿಲವನ್ನು ಅಳೆಯಲು ಅಲ್ಲೊಂದು ಡಬ್ಬಿ ಇಟ್ಟಿದ್ದರು. ಅಳತೆ ಮುಗಿಯುವವರೆಗೂ ಕಿಟಕಿ ಮುಚ್ಚಿರಬೇಕಿತ್ತು. ಬಾಣಂತಿ ಮಗಳು ಕೂಸಿನೊಂದಿಗೆ ಬಂದ ಮೇಲೆ ಮಲಗಬೇಕಾದದ್ದು ಅದೇ ಕೋಣೆಯಲ್ಲಿ.

“ಮತ್ತೆ ಯಾಕೆ ತೆಗೆದೆ?”

“ಪರೀಕ್ಷೆ ಅಂದ್ರಲ್ಲ? ಒಳ್ಳೆ ಗಾಳಿ ಆಡಿದ್ರೆ ತಾನೆ ಮನೆ ಪಾಸಾಗೋದು?” ಎಂದಳು ಹೆಂಡತಿ.

“ಕಾಪಿ ಹೊಡೆಸಿದ ಹಾಗಾಯ್ತು ಕಣೇ! ಕಿಟಕಿ ಮುಚ್ಚಿದಾಗ ಕೂಸು ಏನು ಉಸಿರಾಡುತ್ತೆ ಅಂತ ತಿಳೀಬೇಕು. ಫೇಲಾದ್ರೆ ನೆಲದಡಿ ಗಾಳೀನ ಹೊರಗೆ ಎಳೆಯೋ ಪೈಪು ಹಾಕಿಸ್ಬಹುದು. ಸುಳ್ಳುಸುಳ್ಳೇ ಪಾಸಾದ್ರೆ?”

ಹೆಂಡತಿಯ ಮುಖ ಸಪ್ಪಗಾಯಿತು. ಕಿಟಕಿಯನ್ನು ತಾನೇ ಭದ್ರಪಡಿಸಿದಳು.

ಹಳೆಯ ಅಳತೆ ಕೆಟ್ಟಿದ್ದರಿಂದ ಹೊಸ ಡಬ್ಬಿ ಇಟ್ಟ ಮರುದಿನ ಯಜಮಾನರು ಮೆಲ್ಲನೆ ಬಾಗಿಲು ಸರಿಸಿ ಇಣುಕಿದರು. ಬೆನ್ನ ಹಿಂದಿನಿಂದ ಗದರಿಕೆ ಬಂತು: “ಬಾಗಿಲು ಹಾಕ್ರೀ! ಮೊಮ್ಮಗು ಮಲಗೋ ಜಾಗ, ಆಟ ಅಂದ್ಕೊಂಡ್ರಾ?”